ಬಾಚಹಳ್ಳಿಯ ಗರುಡರು ಮತ್ತು ನಮ್ಮ ಮೃತರು

ನವೆಂಬರ್ 2ರಂದು ನಾವು ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಮೃತ ವಿಶ್ವಾಸಿಗಳೆಲ್ಲರನ್ನೂ ಸ್ಮರಿಸುತ್ತೇವೆ. ಆದರೆ ತನ್ನ ಜೀವವನ್ನು ತಾನೇ ಕಳೆದುಕೊಂಡವರ ಹೆಸರಿನಲ್ಲಿ ಬಲಿಪೂಜೆ ಕೇಳಲು ಮನೆಯವರು ಇಂದಿಗೂ ಹಿಂಜರಿಯುತ್ತಾರೆ. "ಅಂಥವರಿಗೆ ಮೋಕ್ಷವುಂಟೇ?" ಎಂಬ ಅಳುಕು ಅವರದು. ಈ ಪ್ರಶ್ನೆಗೆ ನಮ್ಮ ನಾಡು ಎಲ್ಲರ ವಿಷಯದಲ್ಲೂ ಒಂದೇ ಉತ್ತರ ಕೊಟ್ಟಿಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಸಂತೆಬಾಚಹಳ್ಳಿ ಇರುವಂತೆಯೇ ಅಗ್ರಹಾರ ಬಾಚಹಳ್ಳಿಯೂ ಇದೆ. ಅಲ್ಲಿನ ಎತ್ತರದ ಕಂಬಗಳ ನೆತ್ತಿಯ ಮೇಲೆ ಕಲ್ಲಾನೆಗಳಿವೆ. ಅವು ಹೊಯ್ಸಳರ ಕಾಲದ ಗರುಡರ ಸ್ಮಾರಕಗಳು. ವಿಷ್ಣುವಿಗೆ ಗರುಡನಿದ್ದಂತೆ ದೊರೆಗೆ ತಾವು ಎಂದು ನಂಬಿ, ಅವನೊಡನೆ ಬದುಕಿ ಅವನೊಡನೆಯೇ ಸಾಯುವೆವೆಂದು ಭಾಷೆ ಕೊಟ್ಟವರು ಇವರು. ಈ ಭಾಷೆಗೆ ವೇಳೆವಾಳಿ ಎಂದು ಹೆಸರು. ಒಂದೇ ಮನೆತನದ ನಾಯಕರು ತಲೆತಲಾಂತರಕ್ಕೂ ಹೀಗೆ ಪ್ರಾಣಕೊಟ್ಟರೆಂದು ಇಲ್ಲಿನ ಶಾಸನ ಹೇಳುತ್ತದೆ. ಸೋಮೇಶ್ವರನೊಡನೆ ಅಳಿದವನು ಕನ್ನೆಯ ನಾಯಕ. ನಾಯಕರೊಡನೆ ಅವರ ಹೆಂಡತಿಯರೂ, ಲೆಂಕರೂ, ಲೆಂಕಿತಿಯರೂ ಸತ್ತರು. ಆ ಹೆಣ್ಣುಮಕ್ಕಳನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಕಲ್ಲು ಅದನ್ನು ಹೇಳುವುದಿಲ್ಲ.

ಹಳೇಬೀಡಿನಲ್ಲೂ ಇಂಥ ಕಂಬವೊಂದಿದೆ. ಇಮ್ಮಡಿ ಬಲ್ಲಾಳ 1220ರ ಸುಮಾರಿಗೆ ತೀರಿಕೊಂಡಾಗ ಕುವರ ಲಕ್ಷ್ಮನೂ ಅವನ ಮಡದಿ ಸುಗ್ಗಲದೇವಿಯೂ ಪ್ರಾಣ ತೊರೆದುದರ ನೆನಪು ಅದು. (ಹತ್ತಿರದ ಶ್ರವಣಬೆಳಗೊಳದ ಸಲ್ಲೇಖನದ ಮಾತೇ ಬೇರೆ, ಅದು ಆತ್ಮಹತ್ಯೆಯೆಂದು ಜೈನರು ಒಪ್ಪುವುದಿಲ್ಲ.) ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ. ಒಡೆಯನಿಗಾಗಿ ಸತ್ತವನಿಗೆ ಸ್ವರ್ಗ ಖಚಿತವಾಗಿತ್ತು.

ಸಾಲದಿಂದಲೋ ಅವಮಾನದಿಂದಲೋ ಸತ್ತ ಬಡವನಿಗೆ ಆ ಅಪ್ಸರೆಯರಿಲ್ಲ. ಆಯಸ್ಸು ತೀರುವವರೆಗೆ ಅವನ ಆತ್ಮ ಊರ ಸುತ್ತಲೇ ಅಲೆಯುತ್ತದೆಂದು ಹಳ್ಳಿಯ ನಂಬಿಕೆ. ಸಾವು ಒಂದೇ ಬಗೆಯದು. ಒಬ್ಬನಿಗೆ ಕಂಬ, ಇನ್ನೊಬ್ಬನಿಗೆ ದೆವ್ವದ ಹೆಸರು. ದೊರೆಗೆ ಲಾಭವಾದ ಸಾವಿಗಷ್ಟೇ ಪುಣ್ಯ ಬಂದಿತೆಂದು ನಮಗೆ ತೋರುತ್ತದೆ.

ನಾವೂ ಬಹುಕಾಲ ಬಾಗಿಲು ಮುಚ್ಚಿದವರೇ. 'ಕೊಲೆ ಮಾಡಬೇಡ' ಎಂಬ ಕಟ್ಟಳೆ ತನ್ನ ಜೀವಕ್ಕೂ ಅನ್ವಯಿಸುತ್ತದೆಂದು ಸಂತ ಅಗಸ್ಟೀನರು 5ನೇ ಶತಮಾನದಲ್ಲಿ ಬರೆದರು. ಆ ಬೋಧನೆ ಇಂದಿಗೂ ನಮ್ಮದೇ. ಆದರೆ 6ನೇ ಶತಮಾನದ ಬ್ರಾಗಾ ಸಭೆ ಅಂಥವರಿಗೆ ಅಂತ್ಯವಿಧಿಯನ್ನು ನಿರಾಕರಿಸಿತು. 1917ರ ಧರ್ಮಸಭಾ ಸಂಹಿತೆಯೂ ತಿಳಿದು ಮಾಡಿಕೊಂಡವರಿಗೆ ಪವಿತ್ರ ಭೂಮಿಯನ್ನು ನಿರಾಕರಿಸಿತು. 1983ರ ಸಂಹಿತೆ ಆ ಪಟ್ಟಿಯಿಂದ ಅವರನ್ನು ಕೈಬಿಟ್ಟಿತು. ತೀವ್ರ ಮನೋವ್ಯಥೆ, ಭಯ, ಸಂಕಟಗಳು ಹೊಣೆಯನ್ನು ಕುಗ್ಗಿಸುತ್ತವೆ, ಅವರ ನಿತ್ಯಜೀವದ ಬಗ್ಗೆ ನಿರಾಶೆ ಬೇಡ, ದೇವರು ತಾನೇ ಬಲ್ಲ ಹಾದಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲನು ಎಂದು 1992ರ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

2015ರಲ್ಲಿ ಪಾಂಡವಪುರವೂ ಸೇರಿದಂತೆ ಮಂಡ್ಯ ಸೀಮೆಯ ಕಬ್ಬು ಬೆಳೆಗಾರರು ಸಾಲದ ಹೊರೆ ತಾಳದೆ ಪ್ರಾಣಬಿಟ್ಟಾಗ ಯಾರೂ ಕಂಬ ನಿಲ್ಲಿಸಲಿಲ್ಲ. ಉಳಿದದ್ದು ಸಾಲ, ವಿಧವೆ, ಮಕ್ಕಳು ಮತ್ತು ನೆರೆಯವರ ಪಿಸುಮಾತು. ಅಂಥ ಮನೆಯ ಅಂಗಳದಲ್ಲಿ ಸತ್ತವರ ಪಾಪದ ಲೆಕ್ಕ ತೆಗೆಯುವುದು ನಮ್ಮ ಕೆಲಸವಲ್ಲ. ಅದೇ ಭಾರ ಹೊತ್ತು ಇನ್ನೂ ನಮ್ಮ ನಡುವೆ ಇರುವವರ ಬಳಿ ಕುಳಿತು ಕೇಳೋಣ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದೆಂದೂ ಹೇಳೋಣ.

ಬಲಿಪೂಜೆಗೆ ಹೆಸರು ಬರೆಸುವಾಗ ಸಾವು ಹೇಗಾಯಿತೆಂದು ಹೇಳಬೇಕಾಗಿಲ್ಲ. ಹೆಸರಷ್ಟೇ ಸಾಕು.