ಮೋಟಾರ್‌ಸೈಕಲ್ ಸಸ್ಪೆನ್ಷನ್

ಮೋಟಾರ್‌ಸೈಕಲ್ ಸಸ್ಪೆನ್ಷನ್ ಎಂಬುದು ಮೋಟಾರ್‌ಸೈಕಲ್ಲಿನ ಚಕ್ರಗಳಿಗೂ ಚೌಕಟ್ಟಿಗೂ ನಡುವೆ ಇರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮತ್ತು ಅವುಗಳನ್ನು ಜೋಡಿಸುವ ಭಾಗಗಳನ್ನು ಒಳಗೊಂಡ ವ್ಯವಸ್ಥೆಯಾಗಿದೆ. ರಸ್ತೆಯ ಕುಲುಕಾಟದಿಂದ ಸವಾರನನ್ನು ಕಾಪಾಡುವುದೇ ಇದರ ಉದ್ದೇಶವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಚಕ್ರದ ಟೈರು ನೆಲದ ಸಂಪರ್ಕವನ್ನು ಬಿಡದಂತೆ ನೋಡಿಕೊಳ್ಳುವುದು ಇದರ ಮೊದಲ ಕೆಲಸ. ಬ್ರೇಕ್ ಹಿಡಿಯುವುದು, ವೇಗ ಹೆಚ್ಚಿಸುವುದು, ತಿರುವಿನಲ್ಲಿ ವಾಲುವುದು ಈ ಮೂರೂ ಟೈರು ನೆಲವನ್ನು ಒತ್ತಿ ಹಿಡಿದಿರುವಾಗ ಮಾತ್ರ ಸಾಧ್ಯ. ಆದ್ದರಿಂದ ಸವಾರಿಯ ಸುಖ ಮತ್ತು ಸುರಕ್ಷತೆ ಎರಡೂ ಈ ವ್ಯವಸ್ಥೆಯನ್ನು ಅವಲಂಬಿಸಿವೆ. ಇದರ ಬೆಳವಣಿಗೆಯ ಬಹುಭಾಗ ರೇಸಿನ ಕಣದಲ್ಲಿ ನಡೆದಿದೆ.

ಕಾರ್ಯತತ್ತ್ವ

ಸಸ್ಪೆನ್ಷನ್ನಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಚಕ್ರವು ಉಬ್ಬನ್ನು ಏರಿದಾಗ ಸ್ಪ್ರಿಂಗ್ ಕುಗ್ಗಿ ಶಕ್ತಿಯನ್ನು ತನ್ನಲ್ಲಿ ಸಂಗ್ರಹಿಸುತ್ತದೆ. ಹಾಗೆಯೇ ಬಿಟ್ಟರೆ ಆ ಶಕ್ತಿ ಹಿಂದಿರುಗಿ ವಾಹನವು ಮೇಲೆ ಕೆಳಗೆ ಬಹಳ ಹೊತ್ತು ತೂಗಾಡುತ್ತದೆ. ಈ ತೂಗಾಟವನ್ನು ಅಡಗಿಸುವ ಕ್ರಿಯೆಗೆ ಡ್ಯಾಂಪಿಂಗ್ ಎಂದು ಹೆಸರು. ಶಾಕ್ ಅಬ್ಸಾರ್ಬರ್‌ನ ಕೊಳವೆಯೊಳಗೆ ಒಂದು ಪಿಸ್ಟನ್ ಎಣ್ಣೆಯ ನಡುವೆ ಚಲಿಸುತ್ತದೆ. ಎಣ್ಣೆಯು ಪಿಸ್ಟನ್ನಿನ ಸಣ್ಣ ರಂಧ್ರಗಳ ಮತ್ತು ತೆಳುವಾದ ಲೋಹದ ಬಿಲ್ಲೆಗಳ ಮೂಲಕ ಹಾದುಹೋಗುವಾಗ ಉಂಟಾಗುವ ತಡೆಯಿಂದ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಸ್ಪ್ರಿಂಗ್ ಶಕ್ತಿಯನ್ನು ಕೂಡಿಡುತ್ತದೆ, ಡ್ಯಾಂಪರ್ ಅದನ್ನು ಕರಗಿಸುತ್ತದೆ.

ಸ್ಪ್ರಿಂಗ್ ಕುಗ್ಗುವಾಗಿನ ತಡೆಯನ್ನು ಕಂಪ್ರೆಷನ್ ಡ್ಯಾಂಪಿಂಗ್ ಎಂದೂ, ಅದು ಮತ್ತೆ ಚಾಚಿಕೊಳ್ಳುವಾಗಿನ ತಡೆಯನ್ನು ರಿಬೌಂಡ್ ಡ್ಯಾಂಪಿಂಗ್ ಎಂದೂ ಕರೆಯಲಾಗುತ್ತದೆ. ಸ್ಪ್ರಿಂಗ್‌ನ ಬಿಗಿಯನ್ನು ಅದನ್ನು ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲದಿಂದ ಅಳೆಯುತ್ತಾರೆ. ಉದಾಹರಣೆಗೆ, ಮುಂಭಾಗದ ಫೋರ್ಕ್‌ನ ಎರಡು ಕಾಲುಗಳಲ್ಲಿ ಮಿ.ಮೀ.ಗೆ 9 ನ್ಯೂಟನ್ ಬಿಗಿಯ ಒಂದೊಂದು ಸ್ಪ್ರಿಂಗ್ ಇದ್ದರೆ ಒಟ್ಟು ಬಿಗಿ 18 ನ್ಯೂಟನ್ ಆಗುತ್ತದೆ. ಬ್ರೇಕ್ ಹಿಡಿದಾಗ ಆ ಸ್ಪ್ರಿಂಗ್‌ಗಳ ಮೇಲೆ 900 ನ್ಯೂಟನ್ ಹೆಚ್ಚುವರಿ ಹೊರೆ ಬಿದ್ದರೆ ಅವು 50 ಮಿ.ಮೀ. ಕುಗ್ಗುತ್ತವೆ.

ಚಕ್ರ, ಟೈರು, ಬ್ರೇಕ್ ಮುಂತಾದವು ಸ್ಪ್ರಿಂಗ್‌ನ ಕೆಳಗಿರುವ ಭಾಗಗಳು. ಇವುಗಳ ತೂಕ ಕಡಿಮೆಯಾದಷ್ಟೂ ಚಕ್ರವು ನೆಲದ ಏರಿಳಿತವನ್ನು ಬೇಗನೆ ಅನುಸರಿಸಬಲ್ಲದು. ರೇಸ್ ವಾಹನಗಳಲ್ಲಿ ಹಗುರವಾದ ಚಕ್ರಗಳನ್ನು ಬಳಸಲು ಇದೂ ಒಂದು ಕಾರಣ.

ಇತಿಹಾಸ

ಆರಂಭದ ಮೋಟಾರ್‌ಸೈಕಲ್ಲುಗಳು ಎಂಜಿನ್ ಜೋಡಿಸಿದ ಸೈಕಲ್ಲುಗಳಂತಿದ್ದವು. ಮುಂಚಕ್ರಕ್ಕೆ ಸ್ಪ್ರಿಂಗ್ ಬಂದ ಬಳಿಕವೂ ಹಿಂಚಕ್ರವನ್ನು ಚೌಕಟ್ಟಿಗೆ ನೇರವಾಗಿ ಬಿಗಿಯುವ ಪದ್ಧತಿ ದೀರ್ಘಕಾಲ ಉಳಿಯಿತು. ಸವಾರನಿಗೆ ಸೀಟಿನ ಕೆಳಗಿನ ಸ್ಪ್ರಿಂಗ್‌ಗಳೇ ಆಸರೆಯಾಗಿದ್ದವು. ಅಮೆರಿಕದ ಇಂಡಿಯನ್ ಕಂಪನಿಯು 1913ರಲ್ಲಿಯೇ ಹಿಂಚಕ್ರಕ್ಕೆ ಪಟ್ಟಿ ಸ್ಪ್ರಿಂಗ್‌ಗಳನ್ನು ಅಳವಡಿಸಿತ್ತಾದರೂ ಆ ಕ್ರಮ ವ್ಯಾಪಕವಾಗಲಿಲ್ಲ. ಹಿಂಬದಿಯಲ್ಲಿ ಸ್ಪ್ರಿಂಗ್ ಇದ್ದರೆ ಚೌಕಟ್ಟು ಸಡಿಲವಾಗಿ ವೇಗದಲ್ಲಿ ವಾಹನವು ಹಿಡಿತ ತಪ್ಪುತ್ತದೆ ಎಂಬ ಅಭಿಪ್ರಾಯ ರೇಸಿಂಗ್ ವಲಯದಲ್ಲಿ ಬಲವಾಗಿತ್ತು.

ಈ ಅಭಿಪ್ರಾಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1935ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಸ್ಪರ್ಧೆಯಲ್ಲಿ. ಸಾರ್ವಜನಿಕ ರಸ್ತೆಗಳನ್ನೇ ಮುಚ್ಚಿ ನಡೆಸುವ ಈ ಸ್ಪರ್ಧೆಯ ಪರ್ವತ ಮಾರ್ಗದ ಒಂದು ಸುತ್ತು ಸುಮಾರು 60 ಕಿ.ಮೀ. ಇದೆ. ಆ ವರ್ಷದ ಸೀನಿಯರ್ ಟಿಟಿಯಲ್ಲಿ ಏಳು ಸುತ್ತುಗಳನ್ನು ಕ್ರಮಿಸಬೇಕಾಗಿತ್ತು. ಐರ್ಲೆಂಡಿನ ಸ್ಟ್ಯಾನ್ಲಿ ವುಡ್ಸ್ ಹಿಂಬದಿ ಸ್ಪ್ರಿಂಗ್ ಇದ್ದ ಇಟಲಿಯ ಮೋಟೋ ಗುಝಿಯನ್ನೇರಿದರೆ, ಅವರ ಪ್ರಬಲ ಎದುರಾಳಿ ಜಿಮ್ಮಿ ಗತ್ರಿ ಹಿಂಚಕ್ರಕ್ಕೆ ಸ್ಪ್ರಿಂಗ್ ಇಲ್ಲದ ನಾರ್ಟನ್ ವಾಹನದಲ್ಲಿದ್ದರು. 400 ಕಿ.ಮೀ.ಗೂ ಮೀರಿದ ಈ ಓಟವನ್ನು ವುಡ್ಸ್ ಕೇವಲ 4 ಸೆಕೆಂಡುಗಳ ಅಂತರದಲ್ಲಿ ಗೆದ್ದರು. ಹಿಂಬದಿ ಸ್ಪ್ರಿಂಗ್ ದೀರ್ಘ ಓಟದಲ್ಲಿ ದೌರ್ಬಲ್ಯವಲ್ಲ ಎಂಬುದು ಎಲ್ಲರ ಕಣ್ಣೆದುರೇ ಸಿದ್ಧವಾಯಿತು. ಮರುವರ್ಷ ನಾರ್ಟನ್ ತಂಡವೂ ತನ್ನ ರೇಸ್ ವಾಹನಗಳ ಹಿಂಚಕ್ರಕ್ಕೆ ಸ್ಪ್ರಿಂಗ್ ಅಳವಡಿಸಿತು.

ಅದೇ 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು ತನ್ನ ಆರ್12 ಮತ್ತು ಆರ್17 ಮಾದರಿಗಳಲ್ಲಿ ಎಣ್ಣೆಯ ಡ್ಯಾಂಪಿಂಗ್ ಇರುವ ಟೆಲಿಸ್ಕೋಪಿಕ್ ಫೋರ್ಕನ್ನು ಮಾರುಕಟ್ಟೆಗೆ ತಂದಿತು. ಒಂದರೊಳಗೊಂದು ಜಾರುವ ಕೊಳವೆಗಳ ಈ ರಚನೆ ಎರಡನೆಯ ಮಹಾಯುದ್ಧದ ಬಳಿಕ ಜಗತ್ತಿನಾದ್ಯಂತ ರೂಢಿಗೆ ಬಂತು.

ಮುಂದಿನ ಮಹತ್ವದ ಹೆಜ್ಜೆ 1950ರಲ್ಲಿ ಕಂಡುಬಂತು. ಬೆಲ್‌ಫಾಸ್ಟ್‌ನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ರೂಪಿಸಿದ ಹೊಸ ಚೌಕಟ್ಟನ್ನು ನಾರ್ಟನ್ ತನ್ನ ರೇಸ್ ವಾಹನಗಳಲ್ಲಿ ಬಳಸಿತು. ಹಿಂಚಕ್ರವನ್ನು ಹಿಡಿದ ತೋಳು ಒಂದು ಕೀಲಿನ ಮೇಲೆ ಮೇಲೆ ಕೆಳಗೆ ಆಡುವಂತಿದ್ದು ಅದರ ಎರಡೂ ಪಕ್ಕಗಳಲ್ಲಿ ಶಾಕ್ ಅಬ್ಸಾರ್ಬರ್‌ಗಳಿದ್ದವು. ಆ ತೋಳಿಗೆ ಸ್ವಿಂಗ್‌ಆರ್ಮ್ ಎಂದು ಹೆಸರು. ಗರಿಗಳ ಹಾಸಿಗೆಯ ಮೇಲೆ ಕುಳಿತಂತಿದೆ ಎಂಬ ಅರ್ಥದಲ್ಲಿ ಸವಾರ ಹೆರಾಲ್ಡ್ ಡ್ಯಾನಿಯೆಲ್ ಆಡಿದ ಮಾತಿನಿಂದ ಈ ಚೌಕಟ್ಟಿಗೆ ‘ಫೆದರ್‌ಬೆಡ್’ ಎಂಬ ಹೆಸರು ಬಂತು. ಆ ವರ್ಷದ ಐಲ್ ಆಫ್ ಮ್ಯಾನ್ ಟಿಟಿಯ ಸೀನಿಯರ್ ಮತ್ತು ಜೂನಿಯರ್ ವಿಭಾಗಗಳೆರಡರಲ್ಲೂ ಮೊದಲ ಮೂರು ಸ್ಥಾನಗಳು ನಾರ್ಟನ್ ಪಾಲಾದವು. ಸೀನಿಯರ್ ವಿಭಾಗವನ್ನು ಜೆಫ್ ಡ್ಯೂಕ್ ಗೆದ್ದರು.

ಮಣ್ಣಿನ ದಿಬ್ಬಗಳ ಮೇಲೆ ನಡೆಯುವ ಮೋಟೋಕ್ರಾಸ್ ಸ್ಪರ್ಧೆಯು 1970ರ ದಶಕದಲ್ಲಿ ಇನ್ನೊಂದು ಬದಲಾವಣೆಗೆ ದಾರಿಮಾಡಿತು. ಬೆಲ್ಜಿಯಮ್ಮಿನ ಎಂಜಿನಿಯರ್ ಲೂಸಿಯಾನ್ ಟಿಲ್ಕಿನ್ಸ್ ಎರಡರ ಬದಲು ಒಂದೇ ಉದ್ದನೆಯ ಶಾಕ್ ಅಬ್ಸಾರ್ಬರನ್ನು ಟ್ಯಾಂಕಿನ ಕೆಳಗೆ ಇರಿಸಿ ಚಕ್ರದ ಚಲನೆಯ ಅಳತೆಯನ್ನು ಹೆಚ್ಚಿಸಿದರು. ಯಮಾಹ ಈ ರಚನೆಯನ್ನು ಸ್ವೀಕರಿಸಿ ‘ಮೋನೋಶಾಕ್’ ಎಂದು ಕರೆಯಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಯಮಾಹ ವಾಹನದಲ್ಲಿ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದರು. 1980ರ ದಶಕದ ಆರಂಭದಲ್ಲಿ ಹೋಂಡಾ, ಸುಜುಕಿ ಮತ್ತು ಕವಾಸಾಕಿ ಕಂಪನಿಗಳು ಶಾಕ್ ಅಬ್ಸಾರ್ಬರ್ ಹಾಗೂ ಸ್ವಿಂಗ್‌ಆರ್ಮ್ ನಡುವೆ ಸಣ್ಣ ಸನ್ನೆಗಳ ಜೋಡಣೆಯನ್ನು ತಂದವು. ಚಕ್ರವು ಮೇಲೇರಿದಷ್ಟೂ ತಡೆ ಹೆಚ್ಚುವುದು ಈ ಜೋಡಣೆಯ ಗುಣ.

ಕೆಂಟ್ ಓಲಿನ್ 1976ರಲ್ಲಿ ಸ್ವೀಡನ್ನಿನಲ್ಲಿ ಸ್ಥಾಪಿಸಿದ ಓಲಿನ್ಸ್ ಕಂಪನಿಯೂ ಮೋಟೋಕ್ರಾಸ್ ಕಣದಿಂದಲೇ ಬೆಳೆದು, ಮುಂದೆ ರಸ್ತೆ ರೇಸಿಂಗ್‌ನಲ್ಲಿ ಪ್ರಮುಖ ಹೆಸರಾಯಿತು. ಜಪಾನಿನ ಶೋವಾ ಮತ್ತು ಕೆವೈಬಿ ಈ ಕ್ಷೇತ್ರದ ಇತರ ಪ್ರಸಿದ್ಧ ತಯಾರಕರು.

ವಿಧಗಳು

ಮುಂಭಾಗದಲ್ಲಿ ಟೆಲಿಸ್ಕೋಪಿಕ್ ಫೋರ್ಕ್ ಹೆಚ್ಚು ಬಳಕೆಯಲ್ಲಿದೆ. ಇದನ್ನು ತಲೆಕೆಳಗಾಗಿಸಿ ದಪ್ಪ ಕೊಳವೆಯನ್ನು ಮೇಲ್ಭಾಗದಲ್ಲಿ ಇರಿಸಿದ ರಚನೆಯು ಬಾಗುವಿಕೆಯನ್ನು ಹೆಚ್ಚು ತಡೆಯುವುದರಿಂದ ವೇಗದ ವಾಹನಗಳಲ್ಲಿ ಕಾಣಸಿಗುತ್ತದೆ. ಟೆಲಿಸ್ಕೋಪಿಕ್ ಫೋರ್ಕ್‌ನ ಒಂದು ಮಿತಿಯೆಂದರೆ, ಬ್ರೇಕ್ ಹಿಡಿದಾಗ ವಾಹನದ ಮೂತಿ ಕೆಳಗಿಳಿಯುತ್ತದೆ. ಆಗ ಹ್ಯಾಂಡಲ್ ತಿರುಗುವ ಅಕ್ಷದ ಓರೆ ಕಡಿಮೆಯಾಗಿ ವಾಹನವು ಬೇಗ ತಿರುಗುತ್ತದೆ, ಆದರೆ ಅದರ ಸ್ಥಿರತೆ ತಗ್ಗುತ್ತದೆ. ಇದನ್ನು ಕಡಿಮೆ ಮಾಡಲು ಬಿಎಂಡಬ್ಲ್ಯು 1993ರಲ್ಲಿ ಟೆಲಿಲಿವರ್ ಎಂಬ ರಚನೆಯನ್ನು ತಂದಿತು.

ಹಿಂಭಾಗದಲ್ಲಿ ಜೋಡಿ ಶಾಕ್ ಅಬ್ಸಾರ್ಬರ್ ಮತ್ತು ಮೋನೋಶಾಕ್ ಎಂಬ ಎರಡು ಬಗೆಗಳು ಪ್ರಚಲಿತವಾಗಿವೆ. ಬಿಸಿಯಾದ ಎಣ್ಣೆಯಲ್ಲಿ ನೊರೆ ಏಳದಂತೆ ತಡೆಯಲು ಅನೇಕ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒತ್ತಡದ ನೈಟ್ರೋಜನ್ ಅನಿಲವನ್ನು ತುಂಬಿರುತ್ತಾರೆ.

ಹೊಂದಾಣಿಕೆ

ಸಸ್ಪೆನ್ಷನ್ನಿನ ಹೊಂದಾಣಿಕೆ ‘ಸ್ಯಾಗ್’ ಅಳೆಯುವುದರಿಂದ ಆರಂಭವಾಗುತ್ತದೆ. ಚಕ್ರ ನೆಲದಿಂದ ಮೇಲೆದ್ದಿರುವಾಗಿನ ಅಳತೆಗೂ ಸವಾರನು ಕುಳಿತಾಗಿನ ಅಳತೆಗೂ ಇರುವ ವ್ಯತ್ಯಾಸವೇ ಸ್ಯಾಗ್. 120 ಮಿ.ಮೀ. ಚಲನೆಯುಳ್ಳ ರಸ್ತೆ ವಾಹನದಲ್ಲಿ ಇದು ಸಾಮಾನ್ಯವಾಗಿ 30ರಿಂದ 40 ಮಿ.ಮೀ. ಇರುತ್ತದೆ. ಸುಮಾರು 300 ಮಿ.ಮೀ. ಚಲನೆಯುಳ್ಳ ಮೋಟೋಕ್ರಾಸ್ ವಾಹನದ ಹಿಂಭಾಗದಲ್ಲಿ ಇದು 100 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಈ ಅವಕಾಶವಿಲ್ಲದಿದ್ದರೆ ಗುಂಡಿ ಎದುರಾದಾಗ ಚಕ್ರವು ಕೆಳಗಿಳಿಯಲಾರದೆ ಗಾಳಿಯಲ್ಲಿ ನಿಲ್ಲುತ್ತದೆ.

ಸ್ಯಾಗ್ ಹೊಂದಿಸಲು ಪ್ರಿಲೋಡ್ ಬದಲಾಯಿಸುತ್ತಾರೆ. ಪ್ರಿಲೋಡ್ ಎಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಡಲಾಗಿದೆ ಎಂಬ ಅಳತೆ. ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಸವಾರರಲ್ಲಿ ವ್ಯಾಪಕವಾಗಿದೆ. ವಾಸ್ತವವಾಗಿ ಒಂದೇ ಬಿಗಿಯ ಸಾಮಾನ್ಯ ಸ್ಪ್ರಿಂಗ್‌ನಲ್ಲಿ ವಾಹನದ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗ್‌ನ ಬಿಗಿ ಬದಲಾಗುವುದಿಲ್ಲ. ಸವಾರನ ತೂಕಕ್ಕೆ ಸ್ಪ್ರಿಂಗ್ ಹೊಂದದಿದ್ದರೆ ಅದನ್ನೇ ಬದಲಾಯಿಸಬೇಕಾಗುತ್ತದೆ.

ರಿಬೌಂಡ್ ಡ್ಯಾಂಪಿಂಗ್ ತೀರ ಕಡಿಮೆಯಾದರೆ ಉಬ್ಬು ದಾಟಿದ ಮೇಲೂ ವಾಹನ ಪುಟಿಯುತ್ತದೆ. ಅದು ಅತಿಯಾದರೆ ಸಾಲು ಉಬ್ಬುಗಳ ಮೇಲೆ ಸ್ಪ್ರಿಂಗ್ ಪೂರ್ತಿ ಚಾಚಿಕೊಳ್ಳುವ ಮೊದಲೇ ಮುಂದಿನ ಉಬ್ಬು ಬಂದು, ಸಸ್ಪೆನ್ಷನ್ ಕ್ರಮೇಣ ಕುಗ್ಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಕಂಪ್ರೆಷನ್ ಡ್ಯಾಂಪಿಂಗ್ ಅತಿಯಾದರೆ ಸಣ್ಣ ಉಬ್ಬುಗಳ ಏಟೂ ನೇರವಾಗಿ ಸವಾರನಿಗೆ ತಗಲುತ್ತದೆ.

ಪರೀಕ್ಷೆ

ಸಸ್ಪೆನ್ಷನ್ ಪರೀಕ್ಷೆಯು ಪ್ರಯೋಗಾಲಯದಲ್ಲಿಯೂ ರಸ್ತೆ ಅಥವಾ ಟ್ರ್ಯಾಕಿನಲ್ಲಿಯೂ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಡೈನಮೋಮೀಟರ್ ಎಂಬ ಯಂತ್ರವು ಶಾಕ್ ಅಬ್ಸಾರ್ಬರನ್ನು ನಿಗದಿತ ವೇಗಗಳಲ್ಲಿ ಕುಗ್ಗಿಸಿ, ಎಳೆದು, ಪ್ರತಿ ವೇಗಕ್ಕೂ ಉಂಟಾಗುವ ತಡೆಯನ್ನು ದಾಖಲಿಸುತ್ತದೆ. ಒಂದೇ ಬಗೆಯ ಎರಡು ಶಾಕ್ ಅಬ್ಸಾರ್ಬರ್‌ಗಳ ನಡುವಿನ ವ್ಯತ್ಯಾಸವನ್ನೂ ಬಿಸಿಯೇರಿದಾಗ ಡ್ಯಾಂಪಿಂಗ್ ಕುಂದುವುದನ್ನೂ ಇದರಿಂದ ಪತ್ತೆಹಚ್ಚಬಹುದು.

ರೇಸ್ ತಂಡಗಳು ಫೋರ್ಕ್ ಮತ್ತು ಸ್ವಿಂಗ್‌ಆರ್ಮ್‌ಗಳಿಗೆ ಸೆನ್ಸರ್‌ಗಳನ್ನು ಜೋಡಿಸಿ ಪ್ರತಿ ತಿರುವಿನಲ್ಲಿಯೂ ಚಕ್ರದ ಚಲನೆಯನ್ನು ದಾಖಲಿಸುತ್ತವೆ. ಇಂತಹ ಉಪಕರಣಗಳಿಲ್ಲದ ಹವ್ಯಾಸಿಗಳು ಫೋರ್ಕ್‌ನ ಹೊಳೆಯುವ ಕೊಳವೆಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕಟ್ಟುತ್ತಾರೆ. ಸವಾರಿಯ ಬಳಿಕ ಪಟ್ಟಿ ನಿಂತ ಜಾಗವು ಫೋರ್ಕ್ ಗರಿಷ್ಠ ಎಷ್ಟು ಕುಗ್ಗಿತೆಂಬುದನ್ನು ತೋರಿಸುತ್ತದೆ.

ಪರೀಕ್ಷೆಯಲ್ಲಿ ಕೆಲವು ನಿಯಮಗಳನ್ನು ಪಾಲಿಸಲಾಗುತ್ತದೆ. ಮಾರ್ಗವೂ ಟೈರಿನ ಗಾಳಿಯ ಒತ್ತಡವೂ ಒಂದೇ ಆಗಿರಬೇಕು. ಒಮ್ಮೆಗೆ ಒಂದೇ ಅಂಶವನ್ನು ಬದಲಾಯಿಸಿ ಪ್ರತಿ ಬದಲಾವಣೆಯನ್ನೂ ಬರೆದಿಡಬೇಕು. ಕೊನೆಗೆ ಮೊದಲಿನ ಹೊಂದಾಣಿಕೆಗೆ ಮರಳಿ ಮತ್ತೊಮ್ಮೆ ಓಡಿಸಿ ನೋಡಬೇಕು. ಸವಾರನ ಅಭ್ಯಾಸವೇ ವೇಗ ಹೆಚ್ಚಲು ಕಾರಣವಾಯಿತೇ ಅಥವಾ ಹೊಂದಾಣಿಕೆಯೇ ಎಂಬುದು ಈ ಕೊನೆಯ ಓಟದಿಂದ ತಿಳಿಯುತ್ತದೆ. ಮೆತ್ತಗಿನ ವಾಹನ ನಿಧಾನವೆಂದೂ ಗಡುಸಾದ ವಾಹನ ವೇಗವೆಂದೂ ಸವಾರನಿಗೆ ಭಾಸವಾಗಬಹುದಾದ್ದರಿಂದ, ಅವನ ಅನಿಸಿಕೆಯನ್ನು ಗಡಿಯಾರದೊಂದಿಗೆ ಹೋಲಿಸಿ ನೋಡುವುದು ರೂಢಿ.

ವಿದ್ಯುನ್ಮಾನ ನಿಯಂತ್ರಣ

2010ರ ದಶಕದಿಂದೀಚೆಗೆ ದುಬಾರಿ ವಾಹನಗಳಲ್ಲಿ ವಿದ್ಯುನ್ಮಾನ ಸಸ್ಪೆನ್ಷನ್ ಬಳಕೆಗೆ ಬಂದಿದೆ. ಸೆನ್ಸರ್‌ಗಳ ಸೂಚನೆಯಂತೆ ಕವಾಟಗಳು ಕ್ಷಣಮಾತ್ರದಲ್ಲಿ ಡ್ಯಾಂಪಿಂಗನ್ನು ಬದಲಾಯಿಸುತ್ತವೆ. ಬಿಎಂಡಬ್ಲ್ಯು ಎಚ್‌ಪಿ4 ಮತ್ತು ಡುಕಾಟಿ ಮಲ್ಟಿಸ್ಟ್ರಾಡ ಇದನ್ನು ಮೊದಲಿಗೆ ಅಳವಡಿಸಿಕೊಂಡ ಮಾದರಿಗಳಲ್ಲಿ ಸೇರಿವೆ. ಆದರೆ ಮೋಟೋಜಿಪಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ವಿದ್ಯುನ್ಮಾನ ಸಸ್ಪೆನ್ಷನ್‌ಗೆ ಅನುಮತಿಯಿಲ್ಲ. ಓಟದ ನಡುವೆ ವಾಹನದ ಎತ್ತರವನ್ನು ತಗ್ಗಿಸುವ ಸಾಧನಗಳನ್ನೂ 2027ರಿಂದ ನಿಷೇಧಿಸಲು ನಿರ್ಧರಿಸಲಾಗಿದೆ. ಈ ಕಾರಣದಿಂದ, ರೇಸಿನಿಂದ ರಸ್ತೆಗೆ ತಂತ್ರಜ್ಞಾನ ಹರಿಯುತ್ತದೆ ಎಂಬ ಮಾತು ಈ ವಿಷಯದಲ್ಲಿ ತಿರುವುಮುರುವಾಗಿದೆ.

ಭಾರತದಲ್ಲಿ

1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯ ಬುಲೆಟ್ ಮಾದರಿಯು ಟೆಲಿಸ್ಕೋಪಿಕ್ ಫೋರ್ಕ್ ಹಾಗೂ ಹಿಂಬದಿ ಸ್ವಿಂಗ್‌ಆರ್ಮ್ ಹೊಂದಿತ್ತು. 1960ರಲ್ಲಿ ಸ್ಥಾಪನೆಯಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯಾದ ವಿನ್ಯಾಸದ ಜಾವಾ ವಾಹನಗಳನ್ನೂ, 1973ರಿಂದ ಯೆಜ್ಡಿ ಹೆಸರಿನ ವಾಹನಗಳನ್ನೂ ಇದೇ ಬಗೆಯ ಸಸ್ಪೆನ್ಷನ್ನಿನೊಂದಿಗೆ ತಯಾರಿಸಿತು. ಈ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಭಾರತದ ರಸ್ತೆಗಳಲ್ಲಿ ಒಂದೇ ವಾಹನವು ಬೆಳಗ್ಗೆ ಒಬ್ಬನನ್ನೂ ಸಂಜೆ ಇಬ್ಬರೊಡನೆ ಸಾಮಾನು ಮೂಟೆಯನ್ನೂ ಹೊರುವುದುಂಟು. ಆದ್ದರಿಂದ ಸಾಧಾರಣ ಬೆಲೆಯ ಅನೇಕ ವಾಹನಗಳ ಹಿಂಬದಿ ಸ್ಪ್ರಿಂಗ್‌ನ ಪ್ರಿಲೋಡನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುವ ಅನುಕೂಲವಿರುತ್ತದೆ. ಹೊರೆ ಹೆಚ್ಚಿದಾಗ ಇದನ್ನು ಬಳಸದಿದ್ದರೆ ವಾಹನದ ಹಿಂಭಾಗ ಕುಸಿದು ಹೆಡ್‌ಲೈಟಿನ ಬೆಳಕು ಮೇಲಕ್ಕೆ ಬೀಳುತ್ತದೆ, ಮುಂಚಕ್ರದ ಮೇಲಿನ ಹಿಡಿತವೂ ಕಡಿಮೆಯಾಗುತ್ತದೆ.

ಸಸ್ಪೆನ್ಷನ್ನಿನ ಅತ್ಯಂತ ಕಠಿಣ ಪರೀಕ್ಷೆಗಳಲ್ಲಿ ಒಂದಾದ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಸವಾರರು ಬೆಂಗಳೂರಿನ ಸಿ. ಎಸ್. ಸಂತೋಷ್. 2015ರಲ್ಲಿ ಅವರು 36ನೆಯ ಸ್ಥಾನ ಪಡೆದರು. 2019ರಲ್ಲಿ ಕರ್ನಾಟಕದವರೇ ಆದ ಕೆ. ಪಿ. ಅರವಿಂದ್ 37ನೆಯ ಸ್ಥಾನದೊಂದಿಗೆ ಈ ರ‍್ಯಾಲಿಯನ್ನು ಮುಗಿಸಿದರು.

ನಿರ್ವಹಣೆ

ಫೋರ್ಕ್‌ನ ಎಣ್ಣೆ ಕಾಲಕ್ರಮದಲ್ಲಿ ತನ್ನ ಗುಣ ಕಳೆದುಕೊಳ್ಳುವುದರಿಂದ ತಯಾರಕರು ಸೂಚಿಸಿದ ಅವಧಿಗೆ ಅದನ್ನು ಬದಲಾಯಿಸಬೇಕು. ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡುಬಂದರೆ ಆಯಿಲ್ ಸೀಲ್ ಸವೆದಿದೆಯೆಂದು ತಿಳಿಯಬೇಕು. ಸೋರಿದ ಎಣ್ಣೆ ಬ್ರೇಕಿನ ಮೇಲೆ ಬಿದ್ದರೆ ಬ್ರೇಕ್ ಹಿಡಿಯದೆ ಅಪಾಯ ಉಂಟಾಗಬಹುದು. ಟೈರಿನ ಅಸಮ ಸವೆತ, ಉಬ್ಬು ದಾಟಿದ ಬಳಿಕ ನಿಲ್ಲದ ತೂಗಾಟ, ಬ್ರೇಕ್ ಹಿಡಿದಾಗ ಮುಂಭಾಗದಿಂದ ಬರುವ ಟಕಟಕ ಸದ್ದು ಇವು ತಪಾಸಣೆ ಅಗತ್ಯವೆಂಬುದರ ಸೂಚನೆಗಳು. ಸವೆತವು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಆಗುವುದರಿಂದ ಸವಾರನು ಅದಕ್ಕೆ ತಿಳಿಯದೆಯೇ ಒಗ್ಗಿಕೊಳ್ಳುತ್ತಾನೆ. ಆದಕಾರಣ ಸದ್ದು ಅಥವಾ ಸೋರಿಕೆ ಕಾಣದಿದ್ದರೂ ನಿಗದಿತ ಕಾಲಕ್ಕೆ ಸಸ್ಪೆನ್ಷನ್ನನ್ನು ಪರೀಕ್ಷಿಸುವುದು ಸೂಕ್ತ.