ವಿಶ್ವವಿದ್ಯಾಲಯ ಆವರಣಕ್ಕೆ ವೈ-ಫೈ: ಉಪಕರಣ ಆಯ್ಕೆಗೆ ಮುನ್ನ ತಿಳಿಯಬೇಕಾದ ಸಂಗತಿಗಳು

2022ರ ತಿದ್ದುಪಡಿ ಕಾಯ್ದೆಯ ಮೂಲಕ ರಾಜ್ಯದಲ್ಲಿ ರೂಪುಗೊಂಡ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳವೂ ಒಂದು. ಅದಕ್ಕೂ ಮುನ್ನ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಪದವಿ ಕಾಲೇಜುಗಳು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಪ್ರವೇಶ, ಪರೀಕ್ಷಾ ಅರ್ಜಿ ಹಾಗೂ ಫಲಿತಾಂಶಗಳು ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶಕ್ಕೆ ಸೇರಿದ ಮೇಲೆ, ಕಾಲೇಜು ಆವರಣದ ಅಂತರ್ಜಾಲ ಸಂಪರ್ಕವು ಅಲಂಕಾರದ ಸೌಲಭ್ಯವಾಗಿ ಉಳಿದಿಲ್ಲ. ಇಂತಹ ಸಣ್ಣ ವಿಶ್ವವಿದ್ಯಾಲಯ ಮತ್ತು ತಾಲೂಕು ಕಾಲೇಜುಗಳು ನಿಸ್ತಂತು ಉಪಕರಣ ಖರೀದಿಸುವಾಗ ಪೆಟ್ಟಿಗೆಯ ಮೇಲಿನ ವೇಗಕ್ಕಿಂತ, ನಾಲ್ಕನೆಯ ವರ್ಷ ಅನುದಾನ ನಿಂತರೆ ಜಾಲದ ಗತಿಯೇನು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಪ್ರಮುಖ ತಯಾರಕರು

ಈ ಕ್ಷೇತ್ರದ ದೊಡ್ಡ ಹೆಸರು ಸಿಸ್ಕೊ. ಅದರಲ್ಲಿ ಎರಡು ಧಾರೆಗಳಿವೆ: ಕಂಟ್ರೋಲರ್ ಆಧಾರಿತ ಕ್ಯಾಟಲಿಸ್ಟ್ ಮತ್ತು ಕ್ಲೌಡ್ ಮೂಲಕ ನಿರ್ವಹಿಸುವ ಮೆರಾಕಿ. ಮೆರಾಕಿ ಸಂಸ್ಥೆಯನ್ನು ಸಿಸ್ಕೊ 2012ರಲ್ಲಿ ಖರೀದಿಸಿತು. 2002ರಲ್ಲಿ ಆರಂಭವಾದ ಅರೂಬಾ 2015ರಲ್ಲಿ ಎಚ್‌ಪಿ ಕಂಪನಿಯ ವಶವಾಗಿ, ಈಗ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನ ಭಾಗವಾಗಿದೆ. ಅದೇ ಸಂಸ್ಥೆ 2025ರ ಜುಲೈನಲ್ಲಿ ಜುನಿಪರ್ ಕಂಪನಿಯನ್ನೂ ಸೇರಿಸಿಕೊಂಡಿದ್ದರಿಂದ, ಜುನಿಪರ್‌ನ ಮಿಸ್ಟ್ ಶ್ರೇಣಿಯೂ ಅರೂಬಾದೊಂದಿಗೆ ಒಂದೇ ಸೂರಿನಡಿ ಬಂದಿದೆ. ರಕಸ್ 2016ರಿಂದ 2019ರೊಳಗೆ ಬ್ರೊಕೇಡ್, ಆರಿಸ್, ಕಾಮ್‌ಸ್ಕೋಪ್ ಎಂದು ಮೂರು ಕೈ ಬದಲಾಯಿಸಿತು. ಒಡೆತನ ಹೀಗೆ ಬದಲಾದಾಗ ಕೆಲವು ಮಾದರಿಗಳ ತಯಾರಿಕೆ ನಿಲ್ಲುವ ಸಾಧ್ಯತೆ ಇರುವುದರಿಂದ, ತಂತ್ರಾಂಶ ಬೆಂಬಲದ ಕೊನೆಯ ದಿನಾಂಕವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಕಡಿಮೆ ಬೆಲೆಯ ವರ್ಗದಲ್ಲಿ ಯುಬಿಕ್ವಿಟಿಯ ಯುನಿಫೈ, ಟಿಪಿ-ಲಿಂಕ್‌ನ ಒಮಾಡಾ ಹಾಗೂ ಕೇಂಬಿಯಂ ಪರಿಚಿತ ಹೆಸರುಗಳು. ಭಾರತೀಯ ಸಂಸ್ಥೆ ಎಚ್‌ಎಫ್‌ಸಿಎಲ್ ಕೂಡ ವೈ-ಫೈ ಉಪಕರಣ ತಯಾರಿಸುತ್ತದೆ.

ಲೈಸೆನ್ಸ್ ಮುಗಿದ ಮೇಲೆ

ಮೆರಾಕಿಯ ಸಾಂಪ್ರದಾಯಿಕ ಪದ್ಧತಿಯಲ್ಲಿ ಲೈಸೆನ್ಸ್ ಅವಧಿ ಮುಗಿದು 30 ದಿನಗಳ ರಿಯಾಯಿತಿಯೂ ಕಳೆದರೆ ಜಾಲವೇ ಸ್ಥಗಿತಗೊಳ್ಳಬಹುದು. ಮಿಸ್ಟ್‌ನಲ್ಲಿ ಸಂಪರ್ಕ ಮುಂದುವರಿದರೂ ನಿರ್ವಹಣೆಯ ಸೌಲಭ್ಯ ಕೈತಪ್ಪುತ್ತದೆ. ಅರೂಬಾದ ಹಲವು ಮಾದರಿಗಳು ಇನ್‌ಸ್ಟಂಟ್ ವಿಧಾನದಲ್ಲಿ ಪ್ರತ್ಯೇಕ ಕಂಟ್ರೋಲರ್ ಇಲ್ಲದೆ ನಡೆಯುತ್ತವೆ. ರಕಸ್‌ನ ಅನ್‌ಲೀಶ್ಡ್ ವಿಧಾನಕ್ಕೆ ಕಂಟ್ರೋಲರ್ ಬೇಕಿಲ್ಲ. 128 ಆಕ್ಸೆಸ್ ಪಾಯಿಂಟ್‌ಗಳವರೆಗೆ ಅದು ಸಾಲುತ್ತದೆ. ಯುನಿಫೈ ಮತ್ತು ಒಮಾಡಾ ಉಪಕರಣಗಳನ್ನು ಕಾಲೇಜಿನದೇ ಗಣಕಯಂತ್ರದಲ್ಲಿ ಅಳವಡಿಸಿದ ತಂತ್ರಾಂಶದಿಂದ ವಾರ್ಷಿಕ ಶುಲ್ಕವಿಲ್ಲದೆ ನಿರ್ವಹಿಸಬಹುದು. ಆದರೆ ಅಲ್ಲಿ ದುರಸ್ತಿಯ ಹೊಣೆ ಬಹುಪಾಲು ಕಾಲೇಜಿನ ಸಿಬ್ಬಂದಿಯ ಮೇಲೆಯೇ ಬೀಳುತ್ತದೆ.

ಕೊಪ್ಪಳದ ಮಟ್ಟಿಗೆ ಇದು ಕೇವಲ ತಾಂತ್ರಿಕ ವಿಷಯವಲ್ಲ. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿಯು ಕೊಪ್ಪಳ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತ್ತು. ಇಂತಹ ಅನಿಶ್ಚಿತತೆಯ ನಡುವೆ ಖರೀದಿಸುವ ಲೈಸೆನ್ಸ್ ಬೇರೊಂದು ಸರ್ಕಾರಿ ಸಂಸ್ಥೆಯ ಹೆಸರಿಗೆ ವರ್ಗಾವಣೆ ಆಗುವಂತಿರಬೇಕು ಎಂಬ ಷರತ್ತು ಅತ್ಯಗತ್ಯ.

ವೇಗ ಮತ್ತು ವಾಸ್ತವ

ವೈ-ಫೈ 6ರ ಮಾನದಂಡ 2021ರಲ್ಲಿ, ವೈ-ಫೈ 7ರ ಮಾನದಂಡ 2025ರಲ್ಲಿ ಪ್ರಕಟವಾದವು. ವೈ-ಫೈ 7ರ ಪೂರ್ಣ ಲಾಭ ದೊರೆಯಲು 6 ಗಿಗಾಹರ್ಟ್ಸ್ ತರಂಗಗುಚ್ಛ ಬೇಕು. ಅದರ ಕೆಳಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸುವ ಕರಡು ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2025ರ ಮೇ ತಿಂಗಳಲ್ಲಿ. ಆ ತರಂಗಗುಚ್ಛವನ್ನು ಬಳಸಲು ವಿದ್ಯಾರ್ಥಿಗಳ ಮೊಬೈಲ್‌ಗಳೂ ಅದಕ್ಕೆ ತಕ್ಕಂತಿರಬೇಕು. ತಾಲೂಕು ಕಾಲೇಜುಗಳ ಇಂದಿನ ಅಗತ್ಯಕ್ಕೆ ವೈ-ಫೈ 6 ಸಾಕಾಗುತ್ತದೆ.

ಹೊರಗಿನಿಂದ ಬರುವ ಸಂಪರ್ಕವೇ ಕಿರಿದಾಗಿದ್ದರೆ ದುಬಾರಿ ಉಪಕರಣದಿಂದ ಪ್ರಯೋಜನವಿಲ್ಲ. 100 ಎಂಬಿಪಿಎಸ್ ಸಂಪರ್ಕವನ್ನು 200 ಮಂದಿ ಏಕಕಾಲಕ್ಕೆ ಬಳಸಿದರೆ ಒಬ್ಬರಿಗೆ ದಕ್ಕುವುದು ಅರ್ಧ ಎಂಬಿಪಿಎಸ್ ಮಾತ್ರ. ತಾಮ್ರದ ನೆಟ್‌ವರ್ಕ್ ತಂತಿಯ ಮಿತಿ 100 ಮೀಟರ್ ಆದ್ದರಿಂದ ಕಟ್ಟಡಗಳ ನಡುವೆ ಫೈಬರ್ ಎಳೆಯಬೇಕು. ಸಿಡಿಲಿನ ಹಾನಿಯನ್ನು ತಡೆಯಲೂ ಅದು ನೆರವಾಗುತ್ತದೆ. ಆಕ್ಸೆಸ್ ಪಾಯಿಂಟ್‌ಗಳಿಗೆ ವಿದ್ಯುತ್ ಒದಗಿಸುವ ಪಿಒಇ ಸ್ವಿಚ್‌ಗಳಿಗೆ ಯುಪಿಎಸ್ ಇಲ್ಲದಿದ್ದರೆ, ಕರೆಂಟ್ ಹೋದೊಡನೆ ಇಡೀ ಜಾಲ ನಿಲ್ಲುತ್ತದೆ. ಬಿಸಿಲು, ದೂಳಿನ ಈ ಸೀಮೆಯಲ್ಲಿ ಹೊರಾಂಗಣದ ಉಪಕರಣಗಳು ನೀರು, ದೂಳು ಎರಡನ್ನೂ ತಡೆಯುವ ಐಪಿ67 ದರ್ಜೆಯವಾಗಿರುವುದು ಒಳಿತು.

ಟೆಂಡರ್‌ನಲ್ಲಿ ಏನಿರಬೇಕು

ಸರ್ಕಾರಿ ಸಂಸ್ಥೆಗಳ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಅನ್ವಯವಾಗುತ್ತದೆ. ಟೆಂಡರ್‌ನಲ್ಲಿ ಒಂದು ಕಂಪನಿಯ ಹೆಸರು ಬರೆಯುವ ಬದಲು ಬೇಕಾದ ಕಾರ್ಯವನ್ನು ವಿವರಿಸುವುದು ಸರಿಯಾದ ಮಾರ್ಗ. ಐದು ವರ್ಷಗಳ ಒಟ್ಟು ವೆಚ್ಚ, ಲೈಸೆನ್ಸ್ ಮುಗಿದ ನಂತರದ ಸ್ಥಿತಿ, ದುರಸ್ತಿಗೆ ತಂತ್ರಜ್ಞರು ಹುಬ್ಬಳ್ಳಿಯಿಂದ ಬರುತ್ತಾರೋ ಬೆಂಗಳೂರಿನಿಂದಲೋ, ಎಷ್ಟು ಗಂಟೆಯೊಳಗೆ ಎಂಬುದನ್ನು ಸ್ಪಷ್ಟಪಡಿಸಬೇಕು. ವಿದ್ಯಾರ್ಥಿಯು ಒಂದೇ ಗುರುತಿನಿಂದ ಬೇರೆ ವಿಶ್ವವಿದ್ಯಾಲಯಗಳಲ್ಲೂ ಸಂಪರ್ಕ ಪಡೆಯುವ ಎಡುರೋಮ್ ವ್ಯವಸ್ಥೆಯನ್ನು ಭಾರತದಲ್ಲಿ ಅರ್ನೆಟ್ ನಿರ್ವಹಿಸುತ್ತಿದ್ದು, ಉಪಕರಣಗಳು ಅದಕ್ಕೂ ಹೊಂದಿಕೊಳ್ಳಬೇಕು.

ಒಟ್ಟಿನಲ್ಲಿ, ಪ್ರತ್ಯೇಕ ತಾಂತ್ರಿಕ ಸಿಬ್ಬಂದಿ ಇರುವ ಮುಖ್ಯ ಆವರಣಕ್ಕೆ ಸಿಸ್ಕೊ, ಅರೂಬಾ, ರಕಸ್‌ನಂತಹ ವ್ಯವಸ್ಥೆ ಹೊಂದುತ್ತದೆ. ಒಂದೆರಡು ಕಟ್ಟಡಗಳ ಕುಷ್ಟಗಿ ಅಥವಾ ಯಲಬುರ್ಗಾದ ಕಾಲೇಜಿಗೆ ವಾರ್ಷಿಕ ಶುಲ್ಕವಿಲ್ಲದ ಸರಳ ಉಪಕರಣ, ಜೊತೆಗೆ ಸ್ಥಳೀಯವಾಗಿ ತರಬೇತಿ ಪಡೆದ ಒಬ್ಬ ಸಿಬ್ಬಂದಿ ಹೆಚ್ಚು ಉಪಯುಕ್ತ. ಪರೀಕ್ಷಾ ಅರ್ಜಿಯ ಕೊನೆಯ ದಿನ ವಿದ್ಯಾರ್ಥಿಗೆ ಬೇಕಾಗುವುದು ಅತಿವೇಗದ ಜಾಲವಲ್ಲ, ಕೈಕೊಡದ ಜಾಲ.