ಆರ್ದ್ರತೆ 90 ಅಂದರೆ ಮಳೆ 90 ಅಲ್ಲ

ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರು ಒಂದು ಮಳೆಗಾಲದಲ್ಲಿ ಬೆಳಗ್ಗೆಯೇ ಫೋನ್ ಮಾಡಿದ್ದರು. "ಮೊಬೈಲಲ್ಲಿ ಆರ್ದ್ರತೆ 90 ಅಂತ ತೋರಿಸ್ತಾ ಇದೆ ಮಾರಾಯ್ರೆ. ಮಳೆ ಗ್ಯಾರಂಟಿ. ಔಷಧಿ ಹೊಡೆಯೋರನ್ನ ವಾಪಸ್ ಕಳಿಸ್ದೆ" ಅಂದರು. ಅವತ್ತು ಸಂಜೆವರೆಗೂ ಒಂದು ಹನಿ ಬೀಳಲಿಲ್ಲ. ಮರುದಿನ ಹಿಡಿದ ಮಳೆ ವಾರ ಕಳೆದರೂ ಬಿಡಲಿಲ್ಲ. ಆಮೇಲೆ ತೋಟದಲ್ಲಿ ಕೊಳೆ ಬಂದು ಉದುರಿದ ಕಾಯಿ ಹೆಕ್ಕಿದ್ದೇ ಹೆಕ್ಕಿದ್ದು.

ತಪ್ಪು ಅವರದಲ್ಲ. ಹವಾಮಾನದ ಸುದ್ದಿಯಲ್ಲಿ 'ಆರ್ದ್ರತೆ' ಅಂತ ನಾನೇ ವರ್ಷಗಟ್ಟಲೆ ಬರೆದಿದ್ದೇನೆ. ಹಾಗಂದರೇನು ಅಂತ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ.

ಪದ ಪುಸ್ತಕದ್ದು ಅನ್ನಿಸುತ್ತದೆ, ಆದರೆ ಅದರ ನೆಂಟರು ನಮ್ಮ ಮನೆಯಲ್ಲೇ ಇದ್ದಾರೆ. ಸಂಸ್ಕೃತದಲ್ಲಿ 'ಆರ್ದ್ರ' ಅಂದರೆ ಒದ್ದೆ, ಹಸಿ. ಜೂನ್ ಕೊನೆಯಲ್ಲಿ ಶುರುವಾಗುವ ಆರಿದ್ರಾ ಮಳೆಯ ಹೆಸರು ಅದೇ. ಸಂತೆಯಲ್ಲಿ ಹಸಿಶುಂಠಿಗೆ ಅದ್ರಕ್ ಅನ್ನುತ್ತಾರಲ್ಲ, ಅದೂ 'ಆರ್ದ್ರಕ'ದಿಂದ ಬಂದದ್ದು. ಒಣಗಿದರೆ ಅದು ಶುಂಠಿ. ಮನಸ್ಸು ಕರಗಿದರೂ ಆರ್ದ್ರವಾಯಿತು ಅನ್ನುತ್ತೇವೆ.

ದಿನದ ಮಾತಿನಲ್ಲಿ ಮಾತ್ರ ಯಾರೂ ಆರ್ದ್ರತೆ ಅನ್ನುವುದಿಲ್ಲ. ಮಲೆನಾಡಲ್ಲಿ ಥಂಡಿ, ಕರಾವಳಿಯಲ್ಲಿ ಸೆಕೆ. ಒಂದು ಚಳಿ, ಇನ್ನೊಂದು ಬೆವರು. ಎರಡರಲ್ಲೂ ಇರುವುದು ಗಾಳಿಯಲ್ಲಿನ ನೀರೇ. ಕಲಬುರಗಿಯ 40 ಡಿಗ್ರಿ ಬಿಸಿಲಿನಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ, ಏಕೆಂದರೆ ಮಡಕೆಯಿಂದ ಜಿನುಗಿದ ನೀರು ಒಣ ಗಾಳಿಗೆ ಬೇಗ ಆರುತ್ತದೆ. ಮಂಗಳೂರಿನಲ್ಲಿ ಮಡಕೆಯೂ ಅಷ್ಟು ತಣಿಯದು, ಮೈಬೆವರೂ ಬೇಗ ಆರದು.

ಇದನ್ನು ಅಳೆಯಲು ಕೂದಲೂ ನೆರವಾಗಿದೆ! ತೇವಕ್ಕೆ ಮನುಷ್ಯನ ಕೂದಲು ಸ್ವಲ್ಪ ಉದ್ದವಾಗುತ್ತದೆ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಇದನ್ನೇ ಹಿಡಿದು ಯಂತ್ರ ಮಾಡಿ, 1783ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಆಮೇಲೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಬಂತು. ಅದು ಕೆಲಸ ಮಾಡುವುದು ನಮ್ಮ ಮಡಕೆಯ ಹಾಗೇ.

ಈಗ ಆ 90ರ ವಿಷಯ. ಆಗಿರುವ ಬಿಸಿಗೆ ಗಾಳಿಯಲ್ಲಿ ಎಷ್ಟು ಆವಿ ಇರಬಹುದೋ, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಇದೆ ಎಂದಷ್ಟೇ ಅರ್ಥ. ಬಿಸಿ ಏರಿದರೆ ಆ ಮಿತಿಯೂ ಏರುತ್ತದೆ. ಬೆಳಗ್ಗೆ 22 ಡಿಗ್ರಿಯಲ್ಲಿ 90 ಇದ್ದದ್ದು, ಆವಿ ಅಷ್ಟೇ ಇದ್ದರೂ ಮಧ್ಯಾಹ್ನ 32 ಡಿಗ್ರಿಗೆ ಸುಮಾರು 50ಕ್ಕೆ ಇಳಿಯುತ್ತದೆ. ಮಳೆ ಬರುವ ಸಾಧ್ಯತೆಯನ್ನು ಮೊಬೈಲಲ್ಲಿ ಬೇರೆ ಸಾಲಿನಲ್ಲೇ ಕೊಟ್ಟಿರುತ್ತಾರೆ.

ಹಾಗಂತ ಆರ್ದ್ರತೆಯನ್ನು ಕಡೆಗಣಿಸುವಂತಿಲ್ಲ. ಬಿಡದ ಮಳೆ, ಜೊತೆಗೆ ದಿನವಿಡೀ ಆರದ ತೇವ, ಕೊಳೆರೋಗಕ್ಕೆ ಬೇಕಾದದ್ದೇ ಅದು. ಹಿಂದಿನವರು ಕೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಕಾಯಿ ನೆನೆಯದಂತೆ ನೋಡಿಕೊಳ್ಳುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಇಂಗ್ಲಿಷಿನಲ್ಲೂ ಅದನ್ನು 'ಕೊಳೆರೋಗ' ಅಂತಲೇ ಬರೆದರು. ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ನೆಲೆಯಾದದ್ದು ಆ ದಾರಿಯಲ್ಲೇ.

ಆ ಬೆಳೆಗಾರರು ಈಗ ಎರಡೂ ಸಾಲು ನೋಡುತ್ತಾರೆ. ಮೊನ್ನೆ ಸಿಕ್ಕಾಗ, "ಅದನ್ನ ಮೊದಲೇ ಬರೀಬಾರದಿತ್ತಾ?" ಅಂತ ನನ್ನನ್ನೇ ಕೇಳಿದರು.